ಹಡ್ಲು ಬಿಟ್ಟ ಗದ್ದೆ ಮತ್ತೆ ಕಾನಾಗುತ್ತದಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಮನೆಯಿಂದ ಸ್ವಲ್ಪ ದೂರದಲ್ಲಿ ಒಂದೂವರೆ ಎಕರೆ ಮಕ್ಕಿ ಗದ್ದೆ ಇದೆ. ಆಳು ಸಿಗುವುದಿಲ್ಲ ಅಂತ 13 ವರ್ಷದಿಂದ ಬೇಸಾಯ ಮಾಡದೆ ಹಡ್ಲು ಬಿಟ್ಟಿದ್ದೇವೆ. ಅದರ ಮೇಲೆ ಎರಡು ಎಕರೆ ಬ್ಯಾಣ (ಹುಲ್ಲುಗಾವಲು), ಅರ್ಧಕ್ಕೆ ಹಿಂದೆ ಯಾವಾಗಲೋ ಅಕೇಶಿಯಾ ಹಾಕಿದ್ದರು. ಈಗ ಗದ್ದೆ ತುಂಬ ಯುಪಟೋರಿಯಂ, ಲಂಟಾನ ಕಳೆ, ಮಧ್ಯೆ ಮಧ್ಯೆ ಚಂದಕಲು ಮರ. ನಮ್ಮ ಮಾವನವರು "ಸುಮ್ನೆ ಬಿಡು, ಕಾಡು ತಾನೇ ಆಗುತ್ತೆ" ಅಂತಾರೆ. ಇವರು ಜೆಸಿಬಿ ತರಿಸಿ ಎಲ್ಲಾ ಕ್ಲೀನ್ ಮಾಡಿ ಸಸಿ ನೆಡೋಣ ಅಂತಾರೆ. ಅರ್ಧ ಕಿಲೋಮೀಟರ್ ದೂರದಲ್ಲಿ ಹಳೇ ದೇವರಕಾಡು ಇದೆ. ಎಷ್ಟು ವರ್ಷಕ್ಕೆ ಕಾಡಾಗುತ್ತದೆ? ಮೊದಲಿದ್ದ ಕಾಡೇ ಬರುತ್ತದಾ? ಇನ್ನೊಂದು, ಗದ್ದೆ ಅಂಚಿನ ಹುತ್ತದ ಪಕ್ಕ ಒಂದು ಸಸಿ ಬಂದಿದೆ. ಎಲೆ ಉದ್ದ, ಚಿವುಟಿದರೆ ಬರುವ ಸೊನೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಅದೇನು ಅಂತಲೂ ಹೇಳಿ.

ಉತ್ತರ: ಮೊದಲು ಜೆಸಿಬಿ ವಿಷಯ ಮುಗಿಸೋಣ. ಬೇಡ. ಮುಂಗಡ ಕೊಟ್ಟಿದ್ದರೂ ವಾಪಸ್ ತಗೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ, ಆದರೆ ಉತ್ತರ ಉದ್ದ ಇದೆ, ನೀವು ಓದಿ ಮುಗಿಸುವಷ್ಟರಲ್ಲಿ ಯಂತ್ರ ಬಂದು ಅಂಗಳದಲ್ಲಿ ನಿಂತರೆ ಕಷ್ಟ.

ಇನ್ನು ನಿಮ್ಮ ಮಾವನವರ ಮಾತು. ಅದು ಅರ್ಧ ಸರಿ. ಮಲೆನಾಡಿನಲ್ಲಿ ನೆಲ ಖಾಲಿ ಕೂರುವುದಿಲ್ಲ ಅನ್ನುವುದು ನಿಜ. ಮಾಡಿನ ಹಂಚಿನ ಸಂದಿಯಲ್ಲೂ ಗಿಡ ಹುಟ್ಟುವ ಊರು ನಮ್ಮದು. ಆದರೆ ಏನೋ ಒಂದು ಹಸಿರು ಬರುವುದು ಬೇರೆ, ಕಾನು, ಅಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು, ಬರುವುದು ಬೇರೆ. ವರ್ಷ ಕಳೆದ ಮಾತ್ರಕ್ಕೆ ಒಂದು ಇನ್ನೊಂದಾಗುವುದಿಲ್ಲ. ಯಾರು ಬಂದರು, ಎಲ್ಲಿಂದ ಬಂದರು, ಯಾರು ಮೊದಲು ಬಂದು ಜಾಗ ಹಿಡಿದರು, ಹಿಂದಿನಿಂದ ಬಂದವರಿಗೆ ಕೂರಲು ಬಿಟ್ಟರಾ ಇಲ್ಲವಾ - ಎಲ್ಲಾ ಇದರ ಮೇಲೆ ನಿಂತಿದೆ. ಒಂದೇ ಊರಿನ ಎರಡು ಹಡ್ಲು ಗದ್ದೆ, ಒಂದೇ ವರ್ಷ ಬಿಟ್ಟದ್ದು, 20 ವರ್ಷ ಆದಮೇಲೆ ಒಂದರಲ್ಲಿ ತಂಪಾದ ಮರದ ನೆರಳು, ಇನ್ನೊಂದರಲ್ಲಿ ಇವತ್ತಿಗೂ ಎದೆಮಟ್ಟದ ಯುಪಟೋರಿಯಂ ಜಿಗ್ಗು ಇರುವುದನ್ನು ನಾನೇ ನೋಡಿದ್ದೇನೆ. ಮಳೆ ಒಂದೇ, ಮಣ್ಣು ಒಂದೇ. ಬಂದು ಉಳಿದವರು ಮಾತ್ರ ಬೇರೆ.

ನಿಮ್ಮ ಮಾವನವರ ಪಕ್ಷದಲ್ಲಿ ದೊಡ್ಡ ವಿಜ್ಞಾನಿಯೊಬ್ಬರಿದ್ದರು, ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್. ಒಂದು ಜಾಗದ ಗಿಡಮರಗಳೆಲ್ಲಾ ಸೇರಿ ಒಂದೇ ಜೀವಿ ಇದ್ದ ಹಾಗೆ ಅಂತ ಅವರು 1916ರಲ್ಲಿ ವಾದಿಸಿದರು. ಅದು ಹುಟ್ಟುತ್ತದೆ, ಬೆಳೆಯುತ್ತದೆ, ಪ್ರಾಯಕ್ಕೆ ಬಂದು ನಿಲ್ಲುತ್ತದೆ. ಕಡಿದರೂ ಸುಟ್ಟರೂ ಅದೇ ಮೆಟ್ಟಿಲು ಹತ್ತಿ ಮತ್ತೆ ಅದೇ ರೂಪಕ್ಕೆ ಬರುತ್ತದೆ, ಕೊನೆಗೆ ಯಾವ ರೂಪ ಅನ್ನುವುದನ್ನು ಆ ಸೀಮೆಯ ಹವಾಮಾನ ತೀರ್ಮಾನ ಮಾಡುತ್ತದೆ ಅಂತ. ಕೇಳಲು ಹಿತವಾಗಿದೆ, ಅಲ್ವಾ? ಬಹಳ ವರ್ಷ ಎಲ್ಲರೂ ಅದನ್ನೇ ನಂಬಿದರು. ಹತ್ತು ವರ್ಷದ ನಂತರ, 1926ರಲ್ಲಿ, ಹೆನ್ರಿ ಗ್ಲೀಸನ್ ಅನ್ನುವವರು ಎದ್ದು ನಿಂತು, ಹಾಗೇನೂ ಇಲ್ಲ, ಪ್ರತಿ ಜಾತಿಯ ಗಿಡವೂ ತನ್ನ ಪಾಡಿಗೆ ತಾನು ಬರುತ್ತದೆ ಅಂದರು. ಬೀಜ ತಲುಪಬೇಕು, ಬಿದ್ದ ಜಾಗ ಹೊಂದಬೇಕು, ಅಷ್ಟೇ. ಒಟ್ಟಿಗೆ ಕಾಣುವುದು ಒಟ್ಟಿಗೆ ಬಂದದ್ದಲ್ಲ. ನನ್ನ ಮಾತಲ್ಲಿ ಹೇಳುವುದಾದರೆ ಕ್ಲೆಮೆಂಟ್ಸ್ ಪ್ರಕಾರ ಕಾಡು ಒಂದು ಕೂಡು ಕುಟುಂಬ, ಗ್ಲೀಸನ್ ಪ್ರಕಾರ ಅದು ವಾರದ ಸಂತೆ. ಪಾಪ, ಗ್ಲೀಸನ್ ಮಾತನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1950ರ ದಶಕದಲ್ಲಿ ರಾಬರ್ಟ್ ವಿಟ್ಟೇಕರ್ ಅಮೆರಿಕದ ಸ್ಮೋಕಿ ಬೆಟ್ಟಗಳಲ್ಲಿ ಮರ ಎಣಿಸಿಕೊಂಡು ಹತ್ತಿ ಇಳಿದ ಮೇಲೆ ಜನ ಅದರತ್ತ ತಿರುಗಿ ನೋಡಿದರು. ಬೆಟ್ಟ ಹತ್ತುತ್ತಾ ಹೋದ ಹಾಗೆ ಮರಗಳು ಗುಂಪು ಗುಂಪಾಗಿ ಬದಲಾಗಲಿಲ್ಲ, ಒಂದೊಂದೇ ಜಾತಿ ಒಂದೊಂದು ಎತ್ತರದಲ್ಲಿ ಕಡಿಮೆಯಾಗುತ್ತಾ ಇನ್ನೊಂದು ಸೇರುತ್ತಾ ಹೋಯಿತು.

ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಶಿವಮೊಗ್ಗದಲ್ಲಿ ಆಗುಂಬೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಸಾಕು. ಸಕ್ರೆಬೈಲಿನ ಹತ್ತಿರ ಸಾಗುವಾನಿ, ಮತ್ತಿ, ಬಿದಿರು. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಕಾಡು. ಮಂಡಗದ್ದೆ ದಾಟಿ, ತೀರ್ಥಹಳ್ಳಿ ದಾಟಿ ಆಗುಂಬೆ ಮುಟ್ಟುವಷ್ಟರಲ್ಲಿ ಬಲಗಿ, ಧೂಪ, ಹೈಗ, ವರ್ಷವಿಡೀ ಹಸಿರು. ಶಿವಮೊಗ್ಗದಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಆಗುಂಬೆಯಲ್ಲಿ ಸರಾಸರಿ ಏಳು ಸಾವಿರಕ್ಕೂ ಜಾಸ್ತಿ. ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. ಈಗ ಹೇಳಿ, ಒಣಕಾಡು ಮುಗಿದು ಹಸಿಕಾಡು ಶುರುವಾದದ್ದು ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ? ಹೇಳಲು ಆಗುವುದಿಲ್ಲ. ಮತ್ತಿ ಕಡಿಮೆಯಾಗುತ್ತಾ ಬಂತು, ಯಾವುದೋ ತಿರುವಿನಲ್ಲಿ ಹೆಬ್ಬಲಸು ಕಂಡಿತು, ನಂದಿ ಇನ್ನೂ ಇತ್ತು. ಗೆರೆ ಎಳೆದದ್ದು ನಕ್ಷೆ ಬರೆದವರು.

ನಾನು ಗ್ಲೀಸನ್ ಕಡೆ ವಾಲುವವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪೂರ್ತಿ ಅಲ್ಲ. ಸಂತೆಯಲ್ಲೂ ಒಂದು ಲೆಕ್ಕಾಚಾರ ಇರುತ್ತದೆ. ಮೊದಲು ಬಂದವರು ಒಳ್ಳೇ ಜಾಗ ಹಿಡಿಯುತ್ತಾರೆ, ಕೆಲವರ ಪಕ್ಕ ಕೂತರೆ ವ್ಯಾಪಾರ ಆಗುತ್ತದೆ, ಕೆಲವರು ಪಕ್ಕದಲ್ಲಿ ಯಾರನ್ನೂ ಕೂರಿಸುವುದಿಲ್ಲ. ಜೋಸೆಫ್ ಕಾನೆಲ್ ಮತ್ತು ರಾಲ್ಫ್ ಸ್ಲಾಟ್ಯರ್ ಅನ್ನುವ ಇಬ್ಬರು 1977ರಲ್ಲಿ ಇದನ್ನೇ ಮೂರು ಬಗೆ ಮಾಡಿ ಹೇಳಿದರು. ಮೊದಲು ಬಂದ ಗಿಡ ಮುಂದಿನದಕ್ಕೆ ದಾರಿ ಮಾಡಿಕೊಡಬಹುದು. ಮುಂದಿನದರ ಗೊಡವೆಗೇ ಹೋಗದೆ ಇರಬಹುದು. ಅಥವಾ ಬಾಗಿಲಿಗೆ ಅಡ್ಡ ನಿಲ್ಲಬಹುದು. ಮಜಾ ಅಂದರೆ ನಿಮ್ಮ ಮೂರೂವರೆ ಎಕರೆಯಲ್ಲಿ ಈ ಮೂರೂ ನಡೆಯುತ್ತಿರುವ ಹಾಗೆ ಕಾಣುತ್ತದೆ.

ದಾರಿ ಮಾಡಿಕೊಡುವವನು ಚಂದಕಲು. ದುಂಡನೆ ದೊಡ್ಡ ಎಲೆ, ತೊಟ್ಟು ಎಲೆಯ ಒಳಗಡೆ ಅಂಟಿಕೊಂಡಿರುತ್ತದೆ, ನೋಡಿದರೆ ಮರೆಯುವುದಿಲ್ಲ. ಮರ ಮೆದು, ಸೌದೆಗೂ ಅಷ್ಟಕ್ಕಷ್ಟೇ, ಅದಕ್ಕೇ ನಮ್ಮ ಕಡೆ ಅದಕ್ಕೆ ಮರ್ಯಾದೆ ಇಲ್ಲ. ಆದರೆ ಕೆಲವೇ ವರ್ಷದಲ್ಲಿ ಮನೆ ಎತ್ತರ ಹೋಗುತ್ತದೆ, ನೆರಳು ಕೊಡುತ್ತದೆ, ದರಗು (ಒಣಗಿದ ಎಲೆ) ಉದುರಿಸುತ್ತದೆ. ಅದರ ಹಣ್ಣಿಗೆ ಪಿಕಳಾರ ಬರುತ್ತವೆ, ಕುಟ್ರು ಬರುತ್ತವೆ. ಬಂದ ಹಕ್ಕಿ ಬರಿ ಹೊಟ್ಟೆಯಲ್ಲಿ ಬರುವುದಿಲ್ಲ ನೋಡಿ. ದೇವರಕಾಡಿನಲ್ಲಿ ಬೆಳಿಗ್ಗೆ ತಿಂದ ನೇರಲೆ ಜಾತಿಯ ಹಣ್ಣೋ, ಸಳ್ಳೆಯೋ, ಅದರ ಬೀಜವನ್ನು ಇಲ್ಲಿ ಕೂತು ಉದುರಿಸುತ್ತದೆ. ಚಂದಕಲು ಹೆಚ್ಚು ಕಾಲ ಬಾಳುವ ಮರವಲ್ಲ. ತನ್ನ ಮರಿಯೇ ತನ್ನ ನೆರಳಲ್ಲಿ ಏಳುವುದಿಲ್ಲ, ಅದಕ್ಕೆ ಬಿಸಿಲು ಬೇಕು. ನೆರಳು ತಡೆಯುವ ಬೇರೆಯವರ ಮರಿಗಳು ಅಲ್ಲಿ ಏಳುತ್ತವೆ.

ಇಲ್ಲಿ ನನ್ನ ಹಳೇ ಪೆದ್ದುತನ ಒಂದನ್ನು ಹೇಳಬೇಕು. ಓದು ಮುಗಿಸಿ ಹೊಸದಾಗಿ ಊರಿಗೆ ಬಂದಾಗ ನಮ್ಮ ಮನೆಯ ಹಿಂದಿನ ಹಡ್ಲಿನಲ್ಲಿ ಇದ್ದ ಚಂದಕಲನ್ನೆಲ್ಲಾ ಕಡಿಸಿ, ಗುಂಡಿ ತೆಗೆಸಿ, ಸಾಲಾಗಿ "ಒಳ್ಳೇ" ಸಸಿ ನೆಟ್ಟೆ. ಹೈಗ, ಧೂಪ, ರಾಮಪತ್ರೆ, ಹೆಸರು ಬರೆದ ತಗಡು ಬೇರೆ. ಮೊದಲ ಮಳೆಗಾಲ ಚೆನ್ನಾಗಿತ್ತು. ಮಾರ್ಚ್ ಬಿಸಿಲಿಗೆ ರಾಮಪತ್ರೆ ಒಂದೂ ಉಳಿಯಲಿಲ್ಲ, ಕಡಿದ ಜಾಗದಲ್ಲಿ ಬೆಳಕು ಬಿದ್ದು ಯುಪಟೋರಿಯಂ ಎದ್ದದ್ದು ನೋಡಿದರೆ ಅದಕ್ಕೇ ಗೊಬ್ಬರ ಹಾಕಿದ್ದೇನೋ ಅನ್ನಬೇಕು. ತಗಡು ಮಾತ್ರ ಸುಮಾರು ವರ್ಷ ಇತ್ತು. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಗೊಡವೆಗೆ ಹೋಗದವರು ಅಂದರೆ ಮೊದಲಿನಿಂದಲೂ ನೆಲದಲ್ಲೇ ಇದ್ದವರು. ಇದು ಜಾಸ್ತಿ ಜನ ಗಮನಿಸದ ವಿಷಯ. ಗದ್ದೆ ಬಿಟ್ಟ ದಿನವೇ ಅಲ್ಲಿ ಮುಂದಿನ ಕಾಡಿನ ಒಂದು ಪಾಲು ಇತ್ತು. ಅಂಚಿನಲ್ಲಿ ವರ್ಷ ವರ್ಷ ಕತ್ತಿ ತಿಂದ ನೇರಲೆಯ ಮೋಟು, ಬದುವಿನಲ್ಲಿ ನೆಲ್ಲಿ, ಬ್ಯಾಣದಲ್ಲಿ ಕೌಲು. ಕೌಲು ಮರವನ್ನು ಎಷ್ಟು ಸಲ ಸುಟ್ಟರೂ ಎಷ್ಟು ಸಲ ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಫ್ರಾಂಕ್ ಎಗ್ಲರ್ ಅನ್ನುವವರು 1954ರಲ್ಲಿ ಇದನ್ನು ಒತ್ತಿ ಹೇಳಿದರು: ಉಳುಮೆ ಬಿಟ್ಟ ಹೊಲದಲ್ಲಿ ಮುಂದೆ ದೊಡ್ಡವರಾಗುವವರು ಒಬ್ಬರ ಹಿಂದೆ ಒಬ್ಬರು ಬರಬೇಕೆಂದೇನೂ ಇಲ್ಲ, ಎಷ್ಟೋ ಜನ ಮೊದಲ ದಿನವೇ ಬೇರಾಗಿ ಬೀಜವಾಗಿ ಅಲ್ಲೇ ಇರುತ್ತಾರೆ, ಬೇಗ ಬೆಳೆಯುವವರು ಮೊದಲು ಕಣ್ಣಿಗೆ ಬೀಳುತ್ತಾರೆ ಅಷ್ಟೇ ಅಂತ. ಜೆಸಿಬಿ ಬೇಡ ಅಂದದ್ದು ಇದಕ್ಕೇ. ಅದರ ಹಲ್ಲಿಗೆ ಮೊದಲು ಸಿಗುವುದು ಈ ಮೋಟು, ಈ ಬೇರು. ಯುಪಟೋರಿಯಂ ಬೀಜ ಗಾಳಿಯಲ್ಲಿ ಹಾರಿ ಬರುತ್ತದೆ, ಅದಕ್ಕೆ ನೀವು ಹದ ಮಾಡಿದ ಮಣ್ಣು ಅಂದರೆ ಮದುವೆ ಊಟ.

ಮೂರನೆಯವರು ಅಡ್ಡ ನಿಲ್ಲುವವರು. ಯುಪಟೋರಿಯಂ, ಲಂಟಾನ, ಅಕೇಶಿಯಾ. ಮೂವರೂ ಹೊರಗಿನವರು. ಮೊದಲಿನ ಇಬ್ಬರು ಅಮೆರಿಕ ಖಂಡದಿಂದ, ಅಕೇಶಿಯಾ ಆಸ್ಟ್ರೇಲಿಯಾ ಕಡೆಯಿಂದ. ಲಂಟಾನವನ್ನು 19ನೇ ಶತಮಾನದ ಶುರುವಿನಲ್ಲಿ ಚೆಂದದ ಹೂವಿನ ಗಿಡ ಅಂತ ತಂದದ್ದು. ಯುಪಟೋರಿಯಂ ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತದೆ, ಒಂದು ಬೀಡಿ ಕಿಡಿ ಸಾಕು, ಇಡೀ ಗುಡ್ಡ ಹತ್ತಿಕೊಳ್ಳುತ್ತದೆ. ಬೆಂಕಿಗೆ ಮರಗಳ ಸಣ್ಣ ಸಸಿ ಸಾಯುತ್ತವೆ, ಯುಪಟೋರಿಯಂ ಬುಡದಿಂದ ಮತ್ತೆ ಚಿಗುರುತ್ತದೆ. ಮುಂದಿನ ವರ್ಷ ಅದೇ ಕಥೆ. ನಾನು ಮೇಲೆ ಹೇಳಿದ ಎರಡು ಗದ್ದೆಗಳಲ್ಲಿ ವ್ಯತ್ಯಾಸ ಇಷ್ಟೇ - ಒಂದಕ್ಕೆ ಬೆಂಕಿ ಬೀಳಲಿಲ್ಲ, ಇನ್ನೊಂದಕ್ಕೆ ಎರಡು ವರ್ಷಕ್ಕೊಮ್ಮೆ ಬೀಳುತ್ತಿತ್ತು. ಆದರೆ ಈ ಯುಪಟೋರಿಯಂಗೆ ಒಂದು ವೀಕ್ನೆಸ್ ಇದೆ. ನೆರಳು ಆಗುವುದಿಲ್ಲ. ಮೇಲೆ ಮರದ ಕೊಂಬೆ ಕೂಡಿಕೊಂಡರೆ ಕೆಳಗೆ ಸೊರಗಿ ಸಾಯುತ್ತದೆ. ಲಂಟಾನ ಸ್ವಲ್ಪ ಜಾಸ್ತಿ ತಡೆಯುತ್ತದೆ, ದಟ್ಟ ನೆರಳಿನಲ್ಲಿ ಅದೂ ಸೋಲುತ್ತದೆ. ಅಂದರೆ ನಿಮ್ಮ ಗದ್ದೆಯ ಯುದ್ಧವನ್ನು ಚಂದಕಲು ಆಗಲೇ ಶುರು ಮಾಡಿದೆ. ನಡುವೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಗದ್ದೆಗೆ ಇನ್ನೊಂದು ತೊಂದರೆ ಇದೆ. ಎಷ್ಟೋ ತಲೆಮಾರು ಕೆಸರು ಹೂಡಿ ಹೂಡಿ ಒಂದು ಗೇಣು ಕೆಳಗೆ ಮಣ್ಣು ಗಟ್ಟಿ ಪದರ ಆಗಿರುತ್ತದೆ. ನೀರು ನಿಲ್ಲಲಿ ಅಂತ ನಾವೇ ಮಾಡಿದ್ದು. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಬೇರಿಗೆ ಉಸಿರು ಕಟ್ಟುತ್ತದೆ, ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಡುತ್ತದೆ. ಅದಕ್ಕೇ ಹಡ್ಲು ಗದ್ದೆಯಲ್ಲಿ ಮರ ಮೊದಲು ಬರುವುದು ಅಂಚಿನ ಮೇಲೆ, ಬದುವಿನ ಮೇಲೆ, ಹುತ್ತದ ಬದಿಯಲ್ಲಿ. ಗೆದ್ದಲು ಕೆಳಗಿನ ಮಣ್ಣು ಮೇಲೆ ತಂದು ಸಡಿಲ ಮಾಡಿರುತ್ತದೆ, ನೀರೂ ಬಸಿದು ಹೋಗುತ್ತದೆ. ನಿಮ್ಮ ಸೊನೆಯ ಸಸಿ ಹುತ್ತದ ಪಕ್ಕವೇ ಬಂದದ್ದರಲ್ಲಿ ಆಶ್ಚರ್ಯ ಏನಿಲ್ಲ. ಅದರ ಕಥೆ ಕೊನೆಗೆ.

ಈಗ "ಮೊದಲಿದ್ದ ಕಾಡೇ ಬರುತ್ತದಾ" ಅನ್ನುವ ಪ್ರಶ್ನೆ. ಇದು ಬೀಜದ ಪ್ರಶ್ನೆ. ಇಂಡೋನೇಷ್ಯಾದ ಕ್ರಾಕಟೋವಾ ದ್ವೀಪ 1883ರಲ್ಲಿ ಜ್ವಾಲಾಮುಖಿ ಸಿಡಿದು ಬೋಳಾಯಿತು. ಮೂರು ವರ್ಷದ ನಂತರ ಮೆಲ್ಕಿಯರ್ ಟ್ರೂಬ್ ಅನ್ನುವ ಸಸ್ಯವಿಜ್ಞಾನಿ ಹೋಗಿ ನೋಡಿದಾಗ ಒಳನಾಡಿನಲ್ಲಿ ಕಂಡದ್ದು ಹೆಚ್ಚಾಗಿ ಜರಿಗಿಡ. ಧೂಳಿನಷ್ಟು ಸಣ್ಣ ಬೀಜಕಣ, ಗಾಳಿಯಲ್ಲಿ ಸಮುದ್ರ ದಾಟಿ ಬಂದಿದ್ದವು. ಆಮೇಲೆ ಹುಲ್ಲು, ಆಮೇಲೆ ಹಕ್ಕಿ ಬಾವಲಿ ತಂದ ಆಲ ಅತ್ತಿ ಜಾತಿಯ ಮರಗಳು. ಕೆಲವೇ ದಶಕಕ್ಕೆ ಕಾಡು ಕಟ್ಟಿಕೊಂಡಿತು. ಆದರೆ ಅದು ದಾಟಿ ಬರಬಲ್ಲವರ ಕಾಡು. ಭಾರದ ಬೀಜದವರು ಆಚೆ ದಡದಲ್ಲೇ ಉಳಿದರು.

ನಿಮ್ಮ ದೇವರಕಾಡು ಅರ್ಧ ಕಿಲೋಮೀಟರ್ ದೂರ ಅಂದಿರಿ. ಪಿಕಳಾರಕ್ಕೆ ಅದು ದೂರವೇ ಅಲ್ಲ. ಸಾಲುಧೂಪಕ್ಕೆ ಅದು ಸಮುದ್ರ. ಸಾಲುಧೂಪದ ಕಾಯಿ ಕೋಳಿಮೊಟ್ಟೆ ಗಾತ್ರ, ಬಿದ್ದರೆ ತಾಯಿಮರದ ಬುಡದಲ್ಲೇ. ಹೈಗದ ಕಾಯಿಗೆ ರೆಕ್ಕೆ ಇದೆ, ಸುತ್ತುತ್ತಾ ಬೀಳುತ್ತದೆ ನಿಜ, ಆದರೆ ಮರಗಳ ನಡುವೆ ಬಹಳ ದೂರ ಹೋಗುವುದಿಲ್ಲ. ಜೊತೆಗೆ ಈ ಬೀಜಗಳಿಗೆ ತಾಳ್ಮೆ ಇಲ್ಲ, ಒಣಗಿದರೆ ಸತ್ತವು. ಚಂದಕಲು, ಯುಪಟೋರಿಯಂ ಜಾತಿಯವರ ಬೀಜದ ಹಾಗೆ ಮಣ್ಣಿನಲ್ಲಿ ಕಾದು ಕೂರುವವಲ್ಲ. ರಾಮಪತ್ರೆಯನ್ನು ಮಂಗಟ್ಟೆ ಹಕ್ಕಿ ನುಂಗಿ ದೂರ ಒಯ್ಯುತ್ತದೆ, ಆದರೆ ಮಂಗಟ್ಟೆ ಬರಬೇಕಾದರೆ ಅದು ಕೂರುವಂಥ ದೊಡ್ಡ ಮರ ಇರಬೇಕು. ಅದಿಲ್ಲದೆ ಇದಿಲ್ಲ, ಇದಿಲ್ಲದೆ ಅದಿಲ್ಲ. ಇನ್ನೂ ಒಂದು ಕಾಣದ ವಿಷಯ ಇದೆ: ಧೂಪ, ಹೈಗದ ಕುಟುಂಬದ ಮರಗಳು ಬೇರಿಗೆ ಒಂದು ಬಗೆಯ ಶಿಲೀಂಧ್ರ ಅಂಟಿಸಿಕೊಂಡು ಬದುಕುತ್ತವೆ. ಕಾಡಿನ ಮಣ್ಣಿನಲ್ಲಿ ಅದು ಹೇರಳ, ಕೆಸರು ಗದ್ದೆಯ ಮಣ್ಣಿನಲ್ಲಿ ಇರುವುದು ಅನುಮಾನ. ಅದಕ್ಕೇ ದೇವರಕಾಡಿನ ಸಸಿ ತರುವಾಗ, ಪೂಜೆ ನೋಡಿಕೊಳ್ಳುವವರನ್ನು ಕೇಳಿಕೊಂಡು, ತಾಯಿಮರದ ಬುಡದ ಒಂದು ಹಿಡಿ ಮಣ್ಣು ಸೇರಿಸಿ ತನ್ನಿ ಅಂತ ನಾನು ಹೇಳುವುದು.

ಎಷ್ಟು ವರ್ಷ ಅಂತ ಕೇಳಿದ್ದಿರಿ. 2021ರಲ್ಲಿ ಅಮೆರಿಕ ಖಂಡದ ಉಷ್ಣವಲಯ ಮತ್ತು ಪಶ್ಚಿಮ ಆಫ್ರಿಕಾದ 77 ಜಾಗಗಳ ಲೆಕ್ಕ ಒಟ್ಟು ಮಾಡಿದ ಒಂದು ದೊಡ್ಡ ಅಧ್ಯಯನ ಬಂತು, ಬೇಸಾಯ ಬಿಟ್ಟ ನೆಲದಲ್ಲಿ ತಾನಾಗಿ ಬಂದ ಕಾಡಿನ ಬಗ್ಗೆ. ಮಣ್ಣು ಹತ್ತು ವರ್ಷದೊಳಗೆ ಸುಧಾರಿಸುತ್ತದೆ. ಕಾಡಿನ ಆಕಾರ, ಎಷ್ಟು ಬಗೆಯ ಮರ ಇವೆ ಅನ್ನುವ ಎಣಿಕೆ, ಇವಕ್ಕೆ 25ರಿಂದ 60 ವರ್ಷ. ಆದರೆ ಯಾವ ಯಾವ ಜಾತಿ ಎಷ್ಟೆಷ್ಟು ಅನ್ನುವುದು ಹಳೇ ಕಾಡಿನ ಹಾಗೆ ಆಗಲು 120 ವರ್ಷಕ್ಕೂ ಜಾಸ್ತಿ. ಅದು ನಮ್ಮ ಘಟ್ಟದ ಲೆಕ್ಕವಲ್ಲ, ಹಾಗೇ ತಂದು ಅಂಟಿಸಬೇಡಿ, ಆದರೆ ಅನುಕ್ರಮ ಇಲ್ಲಿಯೂ ಹಾಗೆಯೇ ಕಾಣುತ್ತದೆ. ನೆರಳು ಬೇಗ ಬರುತ್ತದೆ. ಹಕ್ಕಿ ತರುವ ಮರಗಳು ನಿಮ್ಮ ಕಾಲಕ್ಕೆ ಬರುತ್ತವೆ. ಧೂಪದ ದೊಡ್ಡ ಮರ ನೋಡುವವರು ನಿಮ್ಮ ಮೊಮ್ಮಕ್ಕಳು, ಅದೂ ಯಾರಾದರೂ ಬೀಜ ತಂದು ಹಾಕಿದ್ದರೆ.

ಸಂಖ್ಯೆ ಬೇಗ ತುಂಬುತ್ತದೆ, ಹೆಸರು ಬೇರೆ ಇರುತ್ತವೆ ಅನ್ನುವುದಕ್ಕೆ ಒಂದು ಸ್ವಾರಸ್ಯದ ಪ್ರಯೋಗ ಇದೆ. 1960ರ ದಶಕದ ಕೊನೆಯಲ್ಲಿ ಡೇನಿಯಲ್ ಸಿಂಬರ್ಲಾಫ್ ಮತ್ತು ಇ.ಓ. ವಿಲ್ಸನ್ ಫ್ಲೋರಿಡಾದ ಪುಟ್ಟ ಪುಟ್ಟ ಕಾಂಡ್ಲಾ (ಮ್ಯಾಂಗ್ರೋವ್) ದ್ವೀಪಗಳಿಗೆ ಟೆಂಟು ಹೊದೆಸಿ, ಹೊಗೆ ಹಾಕಿ, ಇದ್ದ ಹುಳ ಜೇಡ ಎಲ್ಲಾ ಕೊಂದರು. ಆಮೇಲೆ ಕಾದರು. ಸುಮಾರು ಒಂದು ವರ್ಷದೊಳಗೆ ಬಹುತೇಕ ದ್ವೀಪಗಳಲ್ಲಿ ಮೊದಲಿದ್ದಷ್ಟೇ ಜಾತಿಗಳು ಬಂದು ಕೂತಿದ್ದವು. ಎಣಿಕೆ ಅದೇ, ಆದರೆ ಎಷ್ಟೋ ಜಾತಿಗಳು ಬೇರೆ. ನಮ್ಮಲ್ಲೂ ಹೀಗೆ ನೀರಿನ ನಡುವೆ ಕೂತ ತುಂಡುಗಳಿವೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ಹಿನ್ನೀರು ತುಂಬಿದಾಗ ಗುಡ್ಡಗಳ ನೆತ್ತಿ ಎಷ್ಟೋ ದ್ವೀಪಗಳಾದವು. ಲಾಂಚಿನಲ್ಲಿ ಸಿಗಂದೂರಿಗೆ ದಾಟಿದವರಿಗೆ ಗೊತ್ತು. ನನಗೆ ಆ ದ್ವೀಪಗಳಿಗಿಂತ ಜಾಸ್ತಿ ಇಷ್ಟ ಆಗುವುದು ಅವುಗಳ ಸುತ್ತಲಿನ ಕೆಂಪು ಬೋಳು ಅಂಚು. ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಕೆಸರಿನ ಮೇಲೆ ಹುಲ್ಲು ಏಳುತ್ತದೆ, ದನ ಬರುತ್ತವೆ, ಅಲ್ಲೊಂದು ಇಲ್ಲೊಂದು ಗಿಡವೂ ಮೂಗು ತೋರಿಸುತ್ತದೆ, ಅಷ್ಟರಲ್ಲಿ ಮಳೆ, ಎಲ್ಲಾ ಮುಳುಗಡೆ. ಪ್ರತಿ ವರ್ಷ ಒಂದನೇ ಕ್ಲಾಸಿಗೆ ಸೇರಿ ಪ್ರತಿ ವರ್ಷ ಫೇಲ್ ಆಗುವ ಕಾಡು ಅದು. ನಿಮ್ಮ ಗದ್ದೆಗೆ ಎರಡು ವರ್ಷಕ್ಕೊಮ್ಮೆ ಬೆಂಕಿ ಬಿದ್ದರೆ ಅದೇ ಗತಿ.

ಇಷ್ಟೆಲ್ಲಾ ಆದಮೇಲೆ ಕಾಡು ಒಂದು ದಿನ "ಆಯಿತು" ಅಂತ ನಿಲ್ಲುತ್ತದಾ? ಇಲ್ಲ. ದೊಡ್ಡ ಬಿದಿರನ್ನೇ ನೋಡಿ. ನಲವತ್ತು ವರ್ಷದ ಆಸುಪಾಸಿಗೆ ಒಮ್ಮೆ ಇಡೀ ಸೀಮೆಯಲ್ಲಿ ಒಟ್ಟಿಗೆ ಹೂ ಬಿಟ್ಟು, ಅಕ್ಕಿ ಉದುರಿಸಿ, ಒಟ್ಟಿಗೆ ಸಾಯುತ್ತದೆ. ಬಿದಿರಕ್ಕಿಗೆ ಇಲಿ ಹೆಚ್ಚಿ ಬರಗಾಲ ಬರುತ್ತದೆ ಅಂತ ಹಿರಿಯರು ಹೆದರುತ್ತಿದ್ದರು. ಸತ್ತ ಮೆಳೆಯ ಜಾಗದಲ್ಲಿ ಒಮ್ಮೆಲೇ ಬೆಳಕು. ಯಾವ ಸಸಿ ಆ ಹೊತ್ತಿಗೆ ಅಲ್ಲಿ ಕಾಯುತ್ತಾ ನಿಂತಿತ್ತೋ ಅದಕ್ಕೆ ಅದೃಷ್ಟ. ಇನ್ನೂ ಹಿಂದಕ್ಕೆ ಹೋಗಿ. ನೀಲಗಿರಿ ಬೆಟ್ಟದ ಜೌಗಿನಲ್ಲಿ ಪದರ ಪದರವಾಗಿ ಕೂತ ಹಳೇ ಗಿಡದ ಮಣ್ಣನ್ನು ರಾಮನ್ ಸುಕುಮಾರ್ ಮತ್ತು ಜೊತೆಯವರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷದ ಚರಿತ್ರೆ. ಹಿಮಯುಗದ ಒಣ ಕಾಲದಲ್ಲಿ ಹುಲ್ಲು ಮೇಲುಗೈ, ಮಳೆ ಜಾಸ್ತಿಯಾದ ಕಾಲದಲ್ಲಿ ಮರಗಿಡ ಮೇಲುಗೈ. ಹಾಗಾಗಿ "ಮೊದಲಿದ್ದ ಕಾಡು" ಅಂದರೆ ಯಾವ ಮೊದಲು ಅಂತಲೂ ಕೇಳಬೇಕಾಗುತ್ತದೆ. ನಿಮ್ಮ ಅಜ್ಜಿ ಕಂಡದ್ದಾ? ಸೊರಬದ ಕಾನುಗಳನ್ನು 1868ರಲ್ಲಿ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ನೋಡಿ ವರದಿ ಬರೆದಾಗಲೇ ಅಲ್ಲಿ ಜನ ಕಾಳುಮೆಣಸು ಬಿಡಿಸುತ್ತಿದ್ದರು. ಮುಟ್ಟದ ಕಾಡು ಅಂತ ನಾವು ತಿಳಿದದ್ದರಲ್ಲಿ ಎಷ್ಟೋ ನಮ್ಮವರ ಕೈ ಆಡಿದ ಕಾಡು.

ಬ್ಯಾಣದ ಬಗ್ಗೆ ಒಂದು ಮಾತು. ಹುಲ್ಲು ಕಂಡ ಕಡೆಯೆಲ್ಲಾ ಗಿಡ ನೆಡಬೇಕು ಅನ್ನುವ ಉತ್ಸಾಹ ಈಗ ಜಾಸ್ತಿ. ಕೊಡಚಾದ್ರಿ ನೆತ್ತಿಯ ಹುಲ್ಲು ಹಾಳಾದ ಕಾಡಲ್ಲ, ಅದು ಹುಲ್ಲೇ. ಜಂಬಿಟ್ಟಿಗೆ ಕಲ್ಲು ಮೇಲೆದ್ದ ಬ್ಯಾಣದಲ್ಲಿ ಮಳೆಗಾಲದಲ್ಲಿ ಒಮ್ಮೆ ಮೊಣಕಾಲೂರಿ ನೋಡಿ, ಹುಳ ಹಿಡಿದು ತಿನ್ನುವ ಬೊಟ್ಟಿನಷ್ಟು ಗಿಡಗಳು ಸಿಕ್ಕರೂ ಸಿಗಬಹುದು. ಅಲ್ಲಿ ಮಣ್ಣು ಅರ್ಧ ಗೇಣೂ ಇರುವುದಿಲ್ಲ. ಅಕೇಶಿಯಾ ಇಲ್ಲದ ಆ ಅರ್ಧವನ್ನು ಹಾಗೇ ಬಿಡಿ. ಕರಡದ ಹುಲ್ಲು ಕೊಯ್ದುಕೊಳ್ಳಿ, ಸಾಕು.

ಅಕೇಶಿಯಾ ಇರುವ ಅರ್ಧದಲ್ಲಿ ಎಲ್ಲಾ ಒಟ್ಟಿಗೆ ಕಡಿಸಬೇಡಿ. ಬಯಲಾದರೆ ಅದರದ್ದೇ ಬೀಜ ಸಾವಿರಾರು ಏಳುತ್ತವೆ, ಜೊತೆಗೆ ಯುಪಟೋರಿಯಂ. ಮೊದಲು ಒಳಗೆ ಹೋಗಿ, ದರಗು ಸರಿಸಿ ನೋಡಿ. ಹಳೇ ಅಕೇಶಿಯಾ ನೆಡುತೋಪಿನ ಕೆಳಗೆ, ಪಕ್ಕದಲ್ಲಿ ಕಾಡಿದ್ದರೆ, ಸಳ್ಳೆ, ಕುಂಕುಮದ ಮರ, ನೇರಲೆ, ಗೊರವಿ ಸಸಿಗಳು ಕಾಯುತ್ತಿರುವುದು ಅಪರೂಪ ಅಲ್ಲ. ಅಂಥ ಸಸಿ ಇರುವ ಜಾಗದಲ್ಲಿ ಎರಡು ಮೂರು ಅಕೇಶಿಯಾ ತೆಗೆಯಿರಿ, ಕಿಂಡಿಯಷ್ಟು ಬೆಳಕು ಬರಲಿ. ಎರಡು ವರ್ಷ ಬಿಟ್ಟು ಇನ್ನೊಂದು ಕಿಂಡಿ. ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ನಿಯಮ ಕೇಳಿಕೊಳ್ಳಿ.

ಗದ್ದೆಗೆ ಏನು ಮಾಡಬೇಕು ಅಂದರೆ, ಮೊದಲನೆಯದಾಗಿ ಬೇಸಿಗೆಗೆ ಮುಂಚೆ ಸುತ್ತಲೂ ಎರಡಾಳು ಅಗಲ ಬೆಂಕಿರೇಖೆ ಕೆರೆಸಿ. ಇದೊಂದನ್ನೇ ಮಾಡಿ ಬೇರೆ ಏನೂ ಮಾಡದಿದ್ದರೂ ನನಗೆ ಸಮಾಧಾನ. ಯುಪಟೋರಿಯಂ ಹೂವಾಗುವುದು ನವೆಂಬರ್ ಹೊತ್ತಿಗೆ, ಅದಕ್ಕೆ ಮುಂಚೆ, ನೆಲ ಇನ್ನೂ ಮೆದುವಾಗಿರುವಾಗ, ಮರದ ಸಸಿಗಳ ಸುತ್ತ ಮಾತ್ರ ಕಿತ್ತು ಅಲ್ಲೇ ಹಾಸಿ. ಇಡೀ ಗದ್ದೆ ಕೀಳಲು ಹೋದರೆ ಸೊಂಟ ಹೋಗುತ್ತದೆ. ಲಂಟಾನವನ್ನು ಮೇಲೆ ಕಡಿದರೆ ಇನ್ನೂ ಪೊದೆಯಾಗುತ್ತದೆ, ಮಣ್ಣಿನೊಳಗೆ ಬೇರಿನ ಕುತ್ತಿಗೆ ಕಡಿದು ಬುಡಮೇಲು ಮಾಡಿ ಇಡಬೇಕು. ಕವಳಿ, ಕಾರೆ, ಮುಳ್ಳುಹಣ್ಣಿನ ಜಿಗ್ಗು ಇದ್ದರೆ ಮುಟ್ಟಬೇಡಿ. ದನ ಬಾಯಿ ಹಾಕದಂತೆ ಮುಳ್ಳು ಕಾಯುತ್ತದೆ, ಒಳಗೆ ಇಣುಕಿದರೆ ಯಾವುದೋ ಮರದ ಮರಿ ಕೂತಿರುತ್ತದೆ. ಬಯಲು ಇರುವ ಕಡೆ ಐದಾರು ಬಿದಿರಿನ ಗಳ ಅಡ್ಡಕೋಲು ಕಟ್ಟಿ ನೆಡಿ, ಹಕ್ಕಿ ಕೂರಲಿ. ಹೈಗ, ಧೂಪದ ಬೀಜ ಮಳೆ ಹಿಡಿಯುವ ಹೊತ್ತಿಗೆ ಬೀಳುತ್ತವೆ. ಸ್ವಲ್ಪ ಮಾತ್ರ ಆರಿಸಿ ತಂದು, ಒಂದೆರಡು ದಿನದೊಳಗೆ ಚಂದಕಲು ನೆರಳಲ್ಲಿ, ಅಂಚಿನ ಎತ್ತರದಲ್ಲಿ ಊರಿ. ಸಾಲು ಬೇಡ. ತಗಡಂತೂ ಬೇಡವೇ ಬೇಡ.

ನೆಡುವುದಕ್ಕೂ ಮುಂಚೆ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಗದ್ದೆಯ ನಾಲ್ಕು ಕಡೆಯಿಂದ ಎರಡು ಬೆರಳು ಆಳದ ಮಣ್ಣು ಕೆರೆದು ತಂದು ಹಳೇ ಟ್ರೇ ಅಥವಾ ಅಡಿಕೆ ಹಾಳೆಯಲ್ಲಿ ಹರಡಿ, ಜಗುಲಿ ಪಕ್ಕ ಇಟ್ಟು ನೀರು ಹಾಕುತ್ತಾ ಎರಡು ತಿಂಗಳು ನೋಡಿ. ಏನೇನು ಮೊಳೆಯುತ್ತದೋ ಅದೇ ನಿಮ್ಮ ಮಣ್ಣು ಜೇಬಿನಲ್ಲಿಟ್ಟುಕೊಂಡಿರುವ ಬೀಜ. ಬರಿ ಯುಪಟೋರಿಯಂ ಬಂದರೆ ಹೊರಗಿನಿಂದ ತರುವ ಕೆಲಸ ಜಾಸ್ತಿ ಅಂತ ಅರ್ಥ. ಮಕ್ಕಳಿದ್ದರೆ ಎಣಿಸುವ ಕೆಲಸ ಅವರಿಗೆ ಕೊಡಿ, ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಒಂದು ಎಚ್ಚರ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು (ಉಣ್ಣಿ) ನಿಮ್ಮಂಥ ಜಿಗ್ಗು, ದರಗು, ದನ ಓಡಾಡುವ ಕಾಡಿನಂಚಿನಲ್ಲಿ ಚೆನ್ನಾಗಿ ಬಾಳುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅಲ್ಲಿ ಕೆಲಸ ಮಾಡುವಾಗ ಮೈ ತುಂಬ ಬಟ್ಟೆ ಹಾಕಿ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಮೈ ನೋಡಿಕೊಳ್ಳಿ. ಮಂಗ ಸತ್ತದ್ದು ಕಂಡರೆ ಆ ಕಡೆ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಕೊನೆಗೆ ಹುತ್ತದ ಪಕ್ಕದ ಸಸಿ. ಎಲೆ ಉದ್ದ, ತುದಿಯ ಕಡೆ ಅಗಲ, ಸೊನೆ ಕಪ್ಪಾಗುತ್ತದೆ ಅಂದರೆ ಅದು ಹೊಲಗೇರು ಇರಬೇಕು. ತೊಟ್ಟಿನ ಮೇಲೆ ಎರಡು ಸಣ್ಣ ಮುಳ್ಳಿನಂಥ ಎಳೆ ಇದೆಯಾ ನೋಡಿ, ಇದ್ದರೆ ಅನುಮಾನ ಇಲ್ಲ. ಅದು ಕಾನಿನ ಮರ. ನಿಮ್ಮ ಗದ್ದೆಯ ಸುತ್ತ ಅದರ ತಾಯಿಮರ ಎಲ್ಲೂ ಇಲ್ಲದಿದ್ದರೆ ಆ ಬೀಜ ದೇವರಕಾಡಿನಿಂದ ಯಾರದೋ ಹೊಟ್ಟೆಯಲ್ಲಿ ಬಂದಿದೆ. ಯಾರದ್ದು ಅಂತ ಗೊತ್ತಾಗಬೇಕಾದರೆ ಬೆಳಗಿನ ಹೊತ್ತು ಒಂದು ವಾರ ಅಲ್ಲಿ ಕೂತು ನೋಡಿ. ಆದರೆ ಇನ್ನು ಮುಂದೆ ಎಲೆ ಚಿವುಟಬೇಡಿ, ಸೊನೆ ತಾಗಿದರೆ ಮೈ ಊದಿ ಬೊಬ್ಬೆ ಏಳುತ್ತದೆ. ಈಗಾಗಲೇ ಕೈ ತುರಿಸುತ್ತಿದ್ದರೆ ಚೆನ್ನಾಗಿ ಸೋಪು ಹಾಕಿ ತೊಳೆದು ಡಾಕ್ಟರಿಗೆ ತೋರಿಸಿ, ಸಸಿಗೆ ಮಾತ್ರ ಸುತ್ತ ನಾಲ್ಕು ಗೂಟ ಹೊಡೆದು ಬನ್ನಿ.